ಮೊದಲು ನೀರು, ಆಮೇಲೆ ಮಾತು ಎಂಬ ವಾದ

ಬಡ ನಾಡುಗಳಲ್ಲಿ ಹುಟ್ಟಿದ ಸ್ವಲೀನ (ಆಟಿಸಂ ಇರುವ) ಮಕ್ಕಳಿಗೆ ಟ್ಯಾಬು, ಮೊಬೈಲು, ಚಿತ್ರವನ್ನು ಮುಟ್ಟಿದರೆ ಮಾತನಾಡುವ ಆ್ಯಪು ಮೊದಲಾದ ಸಲಕರಣೆಗಳನ್ನು ಒದಗಿಸಬೇಕೆಂಬ ಪ್ರಸ್ತಾಪ ಎಲ್ಲಿಯಾದರೂ ಎದ್ದಿತೆಂದರೆ, ವಿದ್ಯಾವಂತರೂ ಸಜ್ಜನರೂ ಆದವರ ಬಾಯಿಂದ ಒಂದೇ ಬಗೆಯ ಉತ್ತರ ಹೊರಡುವುದನ್ನು ನಾವು ಬಹುಕಾಲದಿಂದ ಕೇಳುತ್ತ ಬಂದಿದ್ದೇವೆ. ಕುಡಿಯುವ ನೀರಿಗೆ ಟ್ಯಾಂಕರಿನ ದಾರಿ ಕಾಯುವ ಊರಿನಲ್ಲಿ ಟ್ಯಾಬು ಯಾತಕ್ಕೆ. ಶಾಲೆಗೆ ಮಾಸ್ತರರೇ ಸಾಲದಿರುವಾಗ ಆ್ಯಪಿನಿಂದ ಏನಾಗತಕ್ಕದ್ದು. ಮೊದಲು ಅನ್ನ, ನೀರು, ಅಕ್ಷರಗಳಾಗಲಿ, ಯಂತ್ರದ ಮಾತನ್ನು ಆಮೇಲೆ ನೋಡೋಣ. ಅದೂ ಅಲ್ಲದೆ ಮೊಬೈಲು ಕೊಟ್ಟು ಕೊಟ್ಟೇ ಅಲ್ಲವೆ ಮಕ್ಕಳು ಹೀಗೆ ಮಾತು ಕಳೆದುಕೊಳ್ಳುತ್ತಿರುವುದು. ಹೆತ್ತ ತಾಯಿ ಪಕ್ಕದಲ್ಲಿರುವಾಗ ಯಂತ್ರದ ನಾಲಗೆಯ ಹಂಗೇಕೆ? ಈ ಪ್ರಶ್ನೆಗಳು ಕಚೇರಿಯಲ್ಲಿ ಕೇಳುತ್ತವೆ, ಆಸ್ಪತ್ರೆಯ ಪಡಸಾಲೆಯಲ್ಲಿ ಕೇಳುತ್ತವೆ, ಊರ ಕಟ್ಟೆಯ ಮೇಲೆಯೂ ಕೇಳುತ್ತವೆ. ಕೇಳಿದವರು ತಲೆದೂಗಿ ಸುಮ್ಮನಾಗುತ್ತಾರೆ.

ಈ ವಾದವನ್ನು ಹೂಡುವವರು ಬಡವರ ಹಗೆಗಳೆಂದು ನಾನು ಹೇಳುವುದಿಲ್ಲ. ಬಡವರಿಗಾಗಿ ಬೆವರು ಸುರಿಸಿದವರೂ ಅವರಲ್ಲಿದ್ದಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಬರವು ಪುಸ್ತಕದಲ್ಲಿ ಓದಿ ತಿಳಿಯಬೇಕಾದ ಸಂಗತಿಯಾಗಿ ಎಂದೂ ಇರಲಿಲ್ಲ. ಮಳೆ ಕೈಕೊಟ್ಟ ವರ್ಷ ಮನೆಗೆ ಮನೆಯೇ ಬೀಗ ಹಾಕಿಕೊಂಡು, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೋ ಕೂಲಿಗಾಗಿ ಗೋವೆಗೋ ಗುಳೆ ಹೋಗುವುದನ್ನು ಕಣ್ಣಾರೆ ಕಂಡವರಿಗೆ 'ಮೊದಲು ನೀರು' ಎಂಬ ನುಡಿ ತಾನಾಗಿಯೇ ನಾಲಗೆಗೆ ಬರುತ್ತದೆ. ಆದುದರಿಂದ ಈ ಅಭಿಪ್ರಾಯವನ್ನು ಅದರ ಪೂರ್ಣಬಲದೊಡನೆ ಎದುರಿಗೆ ನಿಲ್ಲಿಸಿಕೊಂಡು ಪರೀಕ್ಷಿಸುವುದು ನ್ಯಾಯ. ಹಾಗೆ ಪರೀಕ್ಷಿಸಿದರೆ, ನಾಲ್ಕು ಬೇರೆ ಬೇರೆ ವಾದಗಳು ಇದರೊಳಗೆ ಒಂದನ್ನೊಂದು ಆತುಕೊಂಡು ನಿಂತಿರುವುದೂ, ಬಿಡಿಸಿ ನಿಲ್ಲಿಸಿದರೆ ಒಂದೂ ನಿಲ್ಲಲಾರದೆಂಬುದೂ ಗೋಚರವಾಗುತ್ತದೆ.

ವಿಷಯವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. ಸ್ವಲೀನತೆಯು ಮಿದುಳಿನ ಬೆಳವಣಿಗೆಯಲ್ಲಿ ಎಳವೆಯಲ್ಲಿಯೇ ತೋರುವ ಒಂದು ಭಿನ್ನತೆ. ವಿಶ್ವ ಆರೋಗ್ಯ ಸಂಸ್ಥೆಯು ಕೆಲವು ವರ್ಷಗಳ ಹಿಂದೆ ಇಟ್ಟ ಅಂದಾಜಿನಂತೆ ನೂರು ಮಕ್ಕಳಲ್ಲಿ ಸುಮಾರು ಒಂದು ಮಗು ಈ ಬಗೆಯದು. ಹೀಗಿರುವ ಮಕ್ಕಳಲ್ಲಿ ಹತ್ತಿರ ಹತ್ತಿರ ಮೂರನೆಯ ಒಂದು ಪಾಲಿನವರಿಗೆ ಬಾಯಿಮಾತು ಬರುವುದೇ ಇಲ್ಲ, ಅಥವಾ ಬೆರಳೆಣಿಕೆಯ ಕೆಲವು ಶಬ್ದಗಳಲ್ಲಿಯೇ ನಿಂತುಬಿಡುತ್ತದೆ. ಬಾಯಿಮಾತು ಬಾರದ ಮಗುವಿಗೆ ಹೇಳುವುದಕ್ಕೆ ಏನೂ ಇಲ್ಲವೆಂದು ತಿಳಿಯುವುದು ಲೋಕದ ವಾಡಿಕೆ. ಆದರೆ ಕೇಳಿದುದನ್ನು ಗ್ರಹಿಸುವ, ಕಂಡುದನ್ನು ನೆನಪಿಡುವ, ಬೇಕು ಬೇಡಗಳನ್ನು ಖಚಿತವಾಗಿ ಬಲ್ಲ ಎಷ್ಟೋ ಮಕ್ಕಳು ಇವರ ನಡುವೆ ಇದ್ದಾರೆ. ಅವರ ಕೈಗೆ ಚಿತ್ರಗಳ ಫಲಕವೊಂದನ್ನು ಕೊಟ್ಟು, ಮಗು ಒಂದೊಂದು ಚಿತ್ರವನ್ನು ಮುಟ್ಟಿದಾಗ ಅದರ ಮಾತು ಕೇಳಿಬರುವಂತೆ ಮಾಡುವುದೇ ನಾನಿಲ್ಲಿ ಸಮರ್ಥಿಸುತ್ತಿರುವ ಯಂತ್ರಸಾಧನದ ತಿರುಳು.

ಇನ್ನು ಮೊದಲನೆಯದಾದ ಸರತಿಯ ವಾದ. ಅಗತ್ಯಗಳಿಗೆ ಒಂದು ಕ್ರಮವುಂಟು, ಕೆಳಗಿನದು ತೀರದೆ ಮೇಲಿನದನ್ನು ಬಯಸಬಾರದು ಎಂಬುದು ಇದರ ಸಾರ. ಈ ಕ್ರಮವನ್ನು ನಂಬಿ ಕಾದವರ ಗತಿ ಏನೆಂಬುದನ್ನು ನಮ್ಮ ವಿಜಯಪುರ ಜಿಲ್ಲೆಯ ಚರಿತ್ರೆಯೇ ತಿಳಿಸುತ್ತದೆ. ಆಲಮಟ್ಟಿಯಲ್ಲಿ ಕೃಷ್ಣೆಗೆ ಕಟ್ಟಬೇಕಾದ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಶಂಕುಸ್ಥಾಪನೆ ಮಾಡಿದುದು 1964ರಲ್ಲಿ. ಅದು ಪೂರ್ತಿಯಾದುದು ಹೊಸ ಶತಮಾನ ಕಾಲಿಟ್ಟ ಮೇಲೆ. ಕಾಲುವೆಯ ನೀರು ಭೀಮಾ ನದಿಯ ಮಗ್ಗುಲಿನ ಹೊಲಗಳನ್ನೆಲ್ಲ ಮುಟ್ಟಬೇಕೆಂಬುದು ಇನ್ನೂ ಬೇಡಿಕೆಯಾಗಿಯೇ ಉಳಿದಿದೆ. ಶಂಕುಸ್ಥಾಪನೆಯ ವರ್ಷ ಹುಟ್ಟಿದ ಒಂದು ಸ್ವಲೀನ ಶಿಶುವಿಗೆ 'ನೀರು ಬರಲಿ, ಆಮೇಲೆ ನಿನ್ನ ಮಾತಿನ ವಿಚಾರ' ಎಂದು ಹೇಳಿದ್ದರೆ, ಆ ಶಿಶು ಇಂದು ಅರವತ್ತು ದಾಟಿದ ಮನುಷ್ಯನಾಗಿ, ಒಂದು ಸಲವೂ ತನ್ನ ಮನಸ್ಸನ್ನು ಹೊರಗೆಡಹದೆ, ಇನ್ನೂ ಅದೇ ಸರತಿಯಲ್ಲಿ ನಿಂತಿರುತ್ತಿದ್ದನು. ಕಾಲುವೆಯು ಹತ್ತು ವರ್ಷ ತಡವಾಗಿ ಬಂದರೂ ಹೊಲವು ಹೊಲವಾಗಿಯೇ ಇರುತ್ತದೆ. ಮಾತಿನ ಬೀಜ ಬೀಳಬೇಕಾದ ಮೊದಲ ಐದಾರು ವರ್ಷಗಳು ಕಳೆದ ಮೇಲೆ ಮಗು ಆ ವರ್ಷಗಳ ಮಗುವಾಗಿ ಮತ್ತೆ ದೊರೆಯುವುದಿಲ್ಲ.

ಸರತಿಯ ವಾದದಲ್ಲಿ ಇದಕ್ಕಿಂತ ಆಳವಾದ ದೋಷವೊಂದಿದೆ. ಅದು ಮಾತನ್ನು ಅನ್ನ ನೀರುಗಳ ಸಾಲಿನಲ್ಲಿ ಕೊನೆಗೆ ಕೂರಿಸುತ್ತದೆ. ಆದರೆ ಮಾತು ಆ ಸಾಲಿಗೆ ಸೇರಿದ ಪದಾರ್ಥವೇ ಅಲ್ಲ, ಆ ಸಾಲಿನ ಒಂದೊಂದನ್ನೂ ಕೇಳಿ ಪಡೆಯುವ ಸಾಧನ ಅದು. ಹೊಟ್ಟೆ ನೋಯುತ್ತಿದೆಯೆಂದು ಹೇಳಲಾರದ ಮಗುವಿಗೆ ಊರಿನಲ್ಲಿ ದವಾಖಾನೆ ಇದ್ದೂ ಇಲ್ಲದಂತೆ; ನೀರಡಿಕೆಯಾಗಿದೆಯೆಂದು ತಿಳಿಸಲಾರದವನಿಗೆ ತುಂಬಿದ ಕೊಡ ಮೂಲೆಯಲ್ಲಿದ್ದರೂ ಬರವೇ. ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುವ, ಕೈಯನ್ನು ಕಚ್ಚಿಕೊಳ್ಳುವ ಹುಡುಗನನ್ನು ಕಂಡು 'ಹಟಮಾರಿ' ಎನ್ನುವವರು, ಅವನ ಹಲ್ಲೋ ಕಿವಿಯೋ ನೋಯುತ್ತಿರಬಹುದೆಂದೂ, ಅದನ್ನು ಹೇಳುವ ಬೇರೆ ದಾರಿ ಅವನಿಗೆ ಯಾರೂ ತೋರಿಸಿಲ್ಲವೆಂದೂ ಯೋಚಿಸುವುದು ಅಪರೂಪ. ಆದಕಾರಣ ಬಡತನ ಹೆಚ್ಚಿದಷ್ಟೂ ಮಾತಿನ ಸಾಧನದ ಅಗತ್ಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಸಿರಿವಂತರ ಮನೆಯಲ್ಲಿ ಮಗುವಿನ ಮುಖವನ್ನು ನೋಡಿ ಊಹಿಸಲು ನಾಲ್ವರು ಆಳುಗಳಿರುತ್ತಾರೆ, ಕೂಲಿಯವಳ ಮಗುವಿಗೆ ಊಹಿಸುವವರು ಯಾರು?

ಲೋಕದ ವಿವೇಕವೂ ಇದನ್ನೇ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ಪ್ರತಿಯೊಂದು ದೇಶವೂ ಆದ್ಯತೆಯಿಂದ ಒದಗಿಸಬೇಕಾದ 50 ಸಹಾಯಕ ಸಾಧನಗಳ ಪಟ್ಟಿಯೊಂದನ್ನು ಪ್ರಕಟಿಸಿದಾಗ, ಗಾಲಿಕುರ್ಚಿ, ಕನ್ನಡಕ, ಶ್ರವಣಯಂತ್ರಗಳ ಜೊತೆಯಲ್ಲಿಯೇ ಸಂವಹನದ ಚಿತ್ರಫಲಕಗಳನ್ನೂ, ಸಂವಹನದ ತಂತ್ರಾಂಶವನ್ನೂ ಸೇರಿಸಿತು. ಅದೇ ಸಂಸ್ಥೆಯು ಯುನಿಸೆಫ್ ಜೊತೆಗೂಡಿ 2022ರಲ್ಲಿ ಹೊರತಂದ ವರದಿಯ ಪ್ರಕಾರ, ಇಂತಹ ಸಾಧನ ಬೇಕಾದವರಲ್ಲಿ ಕೆಲವು ಸಿರಿವಂತ ದೇಶಗಳಲ್ಲಿ ಶೇಕಡ 90ರಷ್ಟು ಮಂದಿಗೆ ಅದು ದೊರೆಯುತ್ತಿದ್ದರೆ, ಕೆಲವು ಬಡ ದೇಶಗಳಲ್ಲಿ ದೊರೆಯುವುದು ಶೇಕಡ 3ರಷ್ಟು ಮಂದಿಗೆ. ನಮ್ಮ ದೇಶವು ಅಂಗವಿಕಲರ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ 2007ರಲ್ಲಿ ಅನುಮೋದನೆ ಕೊಟ್ಟಿದೆ. 2016ರ ನಮ್ಮದೇ ಶಾಸನವು ಸ್ವಲೀನತೆಯನ್ನು 21 ಬಗೆಯ ವೈಕಲ್ಯಗಳಲ್ಲಿ ಒಂದೆಂದು ಒಪ್ಪಿ, ಬಾಯಿಮಾತಿಗೆ ಬದಲಾಗಿಯೂ ಪೂರಕವಾಗಿಯೂ ಬರುವ ವಿಧಾನಗಳೆಲ್ಲವೂ ಸಂವಹನವೇ ಎಂದು ವ್ಯಾಖ್ಯಾನಿಸಿದೆ. ಶಾಸನವು ಹಕ್ಕೆಂದು ಬರೆದುದನ್ನು ಸಜ್ಜನರು ಆಡಂಬರವೆಂದು ಓದುವುದಾದರೆ, ತಪ್ಪು ಶಾಸನದ್ದಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ನಾನೇ ಎತ್ತಬೇಕು. ಅಮೇರಿಕೆಯ ಆಂಡಿ ಬಾಂಡಿ, ಲೋರಿ ಫ್ರಾಸ್ಟ್ ಎಂಬಿಬ್ಬರು 1985ರಲ್ಲಿ ರೂಪಿಸಿದ ಪದ್ಧತಿಯಲ್ಲಿ ಮಗು ರಟ್ಟಿನ ಚಿತ್ರವೊಂದನ್ನು ಕೈಗೆ ಕೊಟ್ಟು ತನಗೆ ಬೇಕಾದುದನ್ನು ಪಡೆಯಲು ಕಲಿಯುತ್ತದೆ; ಅದಕ್ಕೆ ವಿದ್ಯುತ್ತೂ ಬೇಡ, ಇಂಟರ್ನೆಟ್ಟೂ ಬೇಡ. ಬಡವರಿಗೆ ಅಷ್ಟು ಸಾಲದೆ ಎಂದು ಕೇಳಬಹುದು. ರಟ್ಟಿನ ಚಿತ್ರ ಒಳ್ಳೆಯದೇ. ಇವತ್ತೇ, ಈ ಊರಿನಲ್ಲೇ ಅದನ್ನು ಆರಂಭಿಸಬಹುದು, ಆರಂಭಿಸಬೇಕು. ಆದರೆ ರಟ್ಟಿನ ಚಿತ್ರಕ್ಕೆ ಧ್ವನಿಯಿಲ್ಲ. ಬೆನ್ನು ತಿರುಗಿಸಿ ಒಲೆಯ ಮುಂದೆ ಕುಳಿತ ತಾಯಿಯನ್ನು ಅದು ಕರೆಯಲಾರದು. ಚೀಲದಲ್ಲಿ ಇಪ್ಪತ್ತು ಚಿತ್ರ ಹೊತ್ತ ಹುಡುಗನು ಇಪ್ಪತ್ತು ಮಾತುಗಳ ಮನುಷ್ಯನಾಗಿಯೇ ಬೆಳೆಯುತ್ತಾನೆ. ಪ್ರಥಮ ಹೆಜ್ಜೆಯಾಗಿ ರಟ್ಟನ್ನು ಕೊಡುವುದು ಉಪಾಯ. ಬಡವನ ಪಾಲಿಗೆ ರಟ್ಟೇ ಕೊನೆಯೆಂದು ವಿಧಿಸುವುದು ಅನ್ಯಾಯ.

ಯಂತ್ರವೆಂದರೆ ಐಶ್ವರ್ಯವೆಂಬ ನಂಬಿಕೆಯೂ ಹಳೆಯದಾಯಿತು. 'ಪ್ರೊಲೊಕೊ ಟು ಗೋ' ಎಂಬ ಪ್ರಸಿದ್ಧ ಆ್ಯಪಿಗೆ ಸುಮಾರು 250 ಡಾಲರುಗಳ ಬೆಲೆಯುಂಟು, ಅದು ಓಡುವುದಕ್ಕೆ ದುಬಾರಿಯ ಉಪಕರಣವೂ ಬೇಕು, ಅದು ಕನ್ನಡವನ್ನೂ ಅರಿಯದು, ಇವೆಲ್ಲ ನಿಜ. ಆದರೆ ಚೆನ್ನೈಯ ಅಜಿತ್ ನಾರಾಯಣನ್ ಅವರು 'ಆವಾಜ್' ಎಂಬ ಯಂತ್ರವನ್ನು ನಮ್ಮ ದೇಶದಲ್ಲೇ ನಿರ್ಮಿಸಿ, 2011ರಲ್ಲಿ ಎಂ.ಐ.ಟಿ.ಯ ಪತ್ರಿಕೆಯು ಆರಿಸಿದ ಮೂವತ್ತೈದು ಮಂದಿ ತರುಣ ಆವಿಷ್ಕಾರಕರಲ್ಲಿ ಒಬ್ಬರಾದರು, ಮುಂಬಯಿಯ ಐ.ಐ.ಟಿ.ಯ ವಿನ್ಯಾಸ ವಿಭಾಗದವರು 'ಜೆಲೊ' ಎಂಬ ಚಿತ್ರಭಾಷೆಯ ಆ್ಯಪನ್ನು ಸಾಮಾನ್ಯ ಮೊಬೈಲಿನಲ್ಲಿ ಓಡುವಂತೆ ರಚಿಸಿ ಉಚಿತವಾಗಿ ಹಂಚಿದರು. ಬೆಲೆಯ ಗೋಡೆ ಕುಸಿದು ವರ್ಷಗಳೇ ಆದರೂ ನಮ್ಮ ಸಜ್ಜನರು ಆ ಗೋಡೆಯನ್ನು ಇನ್ನೂ ಬೆರಳು ಮಾಡಿ ತೋರಿಸುತ್ತಲೇ ಇದ್ದಾರೆ.

ಎರಡನೆಯ ವಾದವು ಮೊದಲನೆಯದಕ್ಕಿಂತ ಕಠೋರವಾದುದು: ಮೊಬೈಲೇ ಸ್ವಲೀನತೆಗೆ ಮೂಲ, ರೋಗಕ್ಕೆ ರೋಗವನ್ನೇ ಮದ್ದಾಗಿ ಕೊಡುವುದುಂಟೆ ಎಂಬುದು. ಇದನ್ನು ಮಾರುಕಟ್ಟೆಯಲ್ಲಿ ಕೇಳಿದರೆ ಆಶ್ಚರ್ಯವಿಲ್ಲ. ಓದಿದವರ ಬಾಯಲ್ಲೂ ಕೇಳುವುದೇ ವ್ಯಸನದ ಸಂಗತಿ. ಬಾಲ್ಟಿಮೋರಿನ ಲಿಯೋ ಕ್ಯಾನರ್ ಎಂಬ ವೈದ್ಯನು 11 ಮಕ್ಕಳ ವೃತ್ತಾಂತವನ್ನು ಬರೆದು ಸ್ವಲೀನತೆಗೆ ವೈದ್ಯಶಾಸ್ತ್ರದಲ್ಲಿ ಸ್ಥಾನ ಕೊಟ್ಟದ್ದು 1943ರಲ್ಲಿ. ಭಾರತದಲ್ಲಿ ಮೊದಲ ಮೊಬೈಲು ಕರೆ ನಡೆದದ್ದು 1995ರಲ್ಲಿ. ಐದು ದೇಶಗಳ ಇಪ್ಪತ್ತು ಲಕ್ಷಕ್ಕೂ ಮಿಕ್ಕ ಜನರ ದಾಖಲೆಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸ್ವಲೀನತೆಯ ಸಂಭವದಲ್ಲಿ ಶೇಕಡ 80ರಷ್ಟು ಪಾಲು ಅನುವಂಶೀಯವೆಂದು ಲೆಕ್ಕಹಾಕಿತು. ಇಷ್ಟಾದರೂ ಮೊಬೈಲಿನ ಮೇಲಿನ ಆರೋಪ ಬಲವಾಗಿರುವುದಕ್ಕೆ ಕಾರಣವಿದೆ: ಅದು ಮೇಲುನೋಟಕ್ಕೆ ಯಂತ್ರವನ್ನು ದೂಷಿಸಿದರೂ ಕೊನೆಗೆ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವುದು ತಾಯಿಯನ್ನು.

ಈ ತಂತ್ರಕ್ಕೆ ಪೂರ್ವೇತಿಹಾಸವುಂಟು. ಬ್ರೂನೋ ಬೆಟಲ್‌ಹೈಮ್ ಎಂಬ ವಿದ್ವಾಂಸನು 1967ರಲ್ಲಿ ಪುಸ್ತಕವೊಂದನ್ನು ಬರೆದು, ತಾಯಂದಿರ ಮಮತೆ ಹೆಪ್ಪುಗಟ್ಟಿರುವುದೇ ಮಕ್ಕಳ ಸ್ವಲೀನತೆಗೆ ಕಾರಣವೆಂಬ ಮತವನ್ನು ಲೋಕದಲ್ಲೆಲ್ಲ ಹರಡಿದನು. ಸ್ವಲೀನ ಮಗನ ತಂದೆಯೂ ಮನಃಶಾಸ್ತ್ರಜ್ಞನೂ ಆದ ಬರ್ನಾರ್ಡ್ ರಿಮ್ಲಾಂಡ್ ಎಂಬಾತನು ಅದಕ್ಕಿಂತ ಮೂರು ವರ್ಷ ಮೊದಲೇ, 1964ರಲ್ಲಿ, ಕಾರಣವನ್ನು ಮಿದುಳಿನಲ್ಲಿ ಹುಡುಕಬೇಕೆಂದು ಸಾರಿದ್ದರೂ ಆ ಮತ ಅಳಿಯಲು ದಶಕಗಳು ಹಿಡಿದವು. ಅಷ್ಟರಲ್ಲಿ ಎಷ್ಟು ತಾಯಂದಿರು ಮಾಡದ ಪಾಪಕ್ಕೆ ಪ್ರಾಯಶ್ಚಿತ್ತ ಪಟ್ಟರೋ ಲೆಕ್ಕವಿಟ್ಟವರಿಲ್ಲ. ಅಂದು ಪ್ರೀತಿಸಲಿಲ್ಲವೆಂದು ಬೈಸಿಕೊಂಡವಳು ಇಂದು ರೊಟ್ಟಿ ಬಡಿಯುವ ಹೊತ್ತಿಗೆ ಮಗನ ಕೈಗೆ ಮೊಬೈಲು ಕೊಟ್ಟಳೆಂದು ಬೈಸಿಕೊಳ್ಳುತ್ತಿದ್ದಾಳೆ. 'ನೀನs ಫೋನ್ ಕೊಟ್ಟ ಹಾಳ ಮಾಡಿದಿ' ಎಂದು ಅತ್ತೆ ಆಡುವ ಮಾತಿಗೂ, ಬೆಟಲ್‌ಹೈಮನ ಗ್ರಂಥಕ್ಕೂ ಭಾಷೆಯಲ್ಲಿ ಅಂತರವಿರಬಹುದು, ಅನ್ಯಾಯದಲ್ಲಿ ಇಲ್ಲ.

ಹಾಗೆಂದ ಮಾತ್ರಕ್ಕೆ ಶಿಶುಗಳನ್ನು ಗಂಟೆಗಟ್ಟಲೆ ಪರದೆಯ ಮುಂದೆ ಕೂರಿಸುವುದು ಕ್ಷೇಮವೆಂದು ನಾನು ಹೇಳುತ್ತಿಲ್ಲ. ಎರಡು ವರ್ಷದೊಳಗಿನ ಮಗುವಿಗೆ ಪರದೆ ಬೇಡ, ಐದು ವರ್ಷದೊಳಗಿನದಕ್ಕೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೇಳಿದ್ದು ಕುಳಿತು ನೋಡುವ ಪರದೆಯ ವಿಚಾರದಲ್ಲಿ. ಹರಿಯುವ ಬಣ್ಣಗಳನ್ನು ಸುಮ್ಮನೆ ನೋಡುತ್ತ ಕೂರುವುದೂ, ಒಂದು ಚಿತ್ರವನ್ನು ಆರಿಸಿ ಒತ್ತಿ ಎದುರಿನವರಿಗೆ ತನ್ನ ಇಚ್ಛೆಯನ್ನು ತಿಳಿಸುವುದೂ ಒಂದೇ ಗಾಜಿನ ಮೇಲೆ ನಡೆಯುತ್ತವೆಯೆಂಬುದನ್ನು ಬಿಟ್ಟರೆ ಬೇರೆ ಯಾವ ಸಾಮ್ಯವೂ ಇಲ್ಲ. ನೆರೆ ಬಂದಾಗ ಭೀಮೆಯು ದಂಡೆಯ ಬೆಳೆಯನ್ನು ಕೊಚ್ಚಿಕೊಂಡು ಹೋಗುವಳೆಂದು ಭೀಮೆಯ ನೀರೇ ಬೇಡವೆಂದವರನ್ನು ನಾನು ಈ ಸೀಮೆಯಲ್ಲಿ ಕಾಣೆ.

ಯಂತ್ರ ಮಾತನಾಡಿದರೆ ಮಗು ಬಾಯಿ ತೆರೆಯುವುದನ್ನೇ ಬಿಟ್ಟುಬಿಡುತ್ತದೆಂಬ ಭಯವನ್ನೂ ಇಲ್ಲಿಯೇ ವಿಚಾರಿಸಬಹುದು. ಏಕೆಂದರೆ ತಾಯ್ತಂದೆಗಳನ್ನು ಹಿಂದೆಳೆಯುವುದು ಬಹುಮಟ್ಟಿಗೆ ಇದೇ. ಮಿಲ್ಲರ್, ಲೈಟ್, ಶ್ಲೋಸರ್ ಎಂಬ ವಿದ್ವಾಂಸರು 2006ರಲ್ಲಿ ಈ ಪ್ರಶ್ನೆಗೆ ಸಂಬಂಧಿಸಿದ ಅಧ್ಯಯನಗಳನ್ನು ಒಟ್ಟುಗೂಡಿಸಿ, ಅವುಗಳಲ್ಲಿ ದೃಢವಾದ ಆಧಾರವುಳ್ಳ 27 ವ್ಯಕ್ತಿಗಳ ವಿಷಯವನ್ನು ಆಯ್ದು ನೋಡಿದಾಗ, ಇದ್ದ ಬಾಯಿಮಾತನ್ನು ಕಳೆದುಕೊಂಡವರು ಒಬ್ಬರೂ ಇರಲಿಲ್ಲ; ಹತ್ತರಲ್ಲಿ ಸುಮಾರು ಒಂಬತ್ತು ಪಾಲಿನವರ ಬಾಯಿಮಾತು ಹೆಚ್ಚಿತ್ತು. 2014ರಲ್ಲಿ ಕೋನಿ ಕಸಾರಿ ಮತ್ತು ಸಂಗಡಿಗರು ಮಾತು ಅತ್ಯಲ್ಪವಾಗಿದ್ದ 61 ಸ್ವಲೀನ ಮಕ್ಕಳಿಗೆ ಶಿಕ್ಷಣ ಕೊಟ್ಟು, ಧ್ವನಿ ಹೊಮ್ಮಿಸುವ ಯಂತ್ರದೊಡನೆ ಕಲಿತ ಮಕ್ಕಳು ತಾವಾಗಿಯೇ ಮಾಡುವ ಸಂವಹನದಲ್ಲಿ ಮುಂದಾದರೆಂದು ತೋರಿಸಿದರು. ಭಯಕ್ಕೆ ಆಧಾರವಿಲ್ಲವೆಂಬುದು ತಿಳಿದು ಇಷ್ಟು ಕಾಲವಾದ ಮೇಲೂ, 'ಕಾದು ನೋಡ್ರಿ, ಅವರಪ್ಪನೂ ತಡಾ ಮಾಡಿನs ಮಾತಾಡಿದ್ದ' ಎಂದು ಸಮಾಧಾನ ಹೇಳಿ ಕಳುಹುವವರು ಮಗುವಿನ ಅತ್ಯಮೂಲ್ಯವಾದ ವರ್ಷಗಳನ್ನು ತಮ್ಮದಲ್ಲದ ಬೊಕ್ಕಸದಿಂದ ದಾನಮಾಡುತ್ತಿದ್ದಾರೆ.

ಮೂರನೆಯದು ಮಮತೆಯ ವಾದ. ತಾಯಿಗೆ ಎಲ್ಲವೂ ತಿಳಿಯುತ್ತದೆ, ಅವಳ ಕರುಳೇ ಭಾಷೆ ಎಂಬುದು ಕೇಳಲು ಇಂಪಾಗಿದೆ, ಬಹುಮಟ್ಟಿಗೆ ಸತ್ಯವೂ ಆಗಿದೆ. ಅದಕ್ಕಾಗಿಯೇ ಅದು ಅಪಾಯಕರ. ತಾಯಿಯೊಬ್ಬಳೇ ಅರಿಯುವ ಭಾಷೆ ಯಾವುದೋ ಅದು ಮಗನನ್ನು ತಾಯಿಯ ಆಯುಸ್ಸಿಗೆ ಕಟ್ಟಿಹಾಕುತ್ತದೆ. ಅವಳು ಕಬ್ಬಿನ ಗದ್ದೆಗೆ ಗುಳೆ ಹೋದ ಆರು ತಿಂಗಳು ಅಜ್ಜಿಯ ಬಳಿ ಉಳಿದ ಹುಡುಗನು ಏನು ಮಾಡಬೇಕು? ಅವಳು ಜ್ವರದಿಂದ ಮಲಗಿದ ದಿನ, ಅಂಗನವಾಡಿಯಲ್ಲಿ, ಶಾಲೆಯಲ್ಲಿ, ಬಸ್ಸಿನಲ್ಲಿ, ಅವನಿಗೆ ಯಾರು ದುಭಾಷಿ? ಅವನ ಮೇಲೆ ಯಾರಾದರೂ ಕೈಮಾಡಿದರೆ ಆ ದೂರನ್ನು ಅವನು ಯಾವ ಭಾಷೆಯಲ್ಲಿ ಕೊಡಬೇಕು? ಮಗು ಐದು ವರ್ಷದ್ದಾಗಿರುವಾಗ ಕರುಳಿನ ಭಾಷೆ ಸಾಕೆನಿಸುತ್ತದೆ. ಮಗನಿಗೆ ಮೂವತ್ತಾಗಿ ತಾಯಿಗೆ ಅರವತ್ತಾದಾಗ, ಅದನ್ನೇ ಸಾಕೆಂದವರು ಯಾರೂ ಅವರ ಬಾಗಿಲಲ್ಲಿ ನಿಂತಿರುವುದಿಲ್ಲ. ಮಮತೆಯನ್ನು ಹೊಗಳುವ ಈ ಮಾತಿನಲ್ಲಿ, ಸರ್ಕಾರವೂ ಸಮಾಜವೂ ಹೊರಬೇಕಾದ ಭಾರವನ್ನೆಲ್ಲ ಒಬ್ಬ ಹೆಂಗಸಿನ ತಲೆಯ ಮೇಲಿಟ್ಟು, ಮೇಲೊಂದು ಹೂವಿಡುವ ಜಾಣತನವಿದೆ.

ನಾಲ್ಕನೆಯ ವಾದವು ಹೊಸ ಕಾಲದ್ದು. ಮೊದಲ ಮೂರಕ್ಕೆ ವಿರುದ್ಧವಾಗಿ ಕಂಡರೂ ಫಲದಲ್ಲಿ ಅವುಗಳ ಸೋದರ. ಮೊಬೈಲು ಎಲ್ಲರ ಕೈಗೂ ಬಂದಿದೆ, ಡೇಟಾ ಅಗ್ಗವಾಗಿದೆ, ಆ್ಯಪು ಉಚಿತ. ಇನ್ನು ಸರ್ಕಾರ ಮಾಡಬೇಕಾದುದು ಏನು ಉಳಿದಿದೆ ಎಂದು ಅದು ಕೇಳುತ್ತದೆ. ಆದರೆ ಯಾರ ಕೈಗೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಾವೇ ಬಳಸುವ ಮೊಬೈಲು ತಮಗುಂಟೆಂದು ಹೇಳಿದವರು ಭಾರತದ ಹೆಂಗಸರಲ್ಲಿ ನೂರಕ್ಕೆ 54 ಮಂದಿ. ಒಮ್ಮೆಯಾದರೂ ಇಂಟರ್ನೆಟ್ ಬಳಸಿದವರು ಮೂವರಲ್ಲಿ ಒಬ್ಬಳು. ಮನೆಗೊಂದು ಫೋನಿದ್ದರೆ ಅದು ಗಂಡಸಿನ ಕಿಸೆಯಲ್ಲಿ ಹೊಲಕ್ಕೂ ಸಂತೆಗೂ ಹೋಗುತ್ತದೆ. ಮಗುವಿನ ಮಾತು ಅಪ್ಪನ ಕಿಸೆಯಲ್ಲಿ ಊರು ಸುತ್ತಿ ರಾತ್ರಿ ಮನೆಗೆ ಬರುತ್ತದೆ. ಕಾಲಿಲ್ಲದವನ ಊರುಗೋಲನ್ನು ಮನೆಮಂದಿಯೆಲ್ಲ ಸರತಿಯಿಂದ ಬಳಸಲೆಂದು ಯಾವ ಅಧಿಕಾರಿಯೂ ಹೇಳಿದ್ದಿಲ್ಲ.

ಕೈಗೆ ಫೋನು ಬಂದ ಮೇಲೂ ಹಾದಿ ಮುಗಿಯುವುದಿಲ್ಲ. ಮಗುವಿಗೆ ಸ್ವಲೀನತೆಯಿದೆಯೆಂದು ಮೊದಲು ಯಾರಾದರೂ ಗುರುತಿಸಬೇಕು; 2011ರ ಜನಗಣತಿಯು ದೇಶದಲ್ಲಿ 2.68 ಕೋಟಿ ವಿಕಲಾಂಗರನ್ನು ಎಣಿಸಿತಾದರೂ ಅದರ ಎಂಟು ಅಂಕಣಗಳಲ್ಲಿ ಸ್ವಲೀನತೆಗೆ ಹೆಸರೇ ಇರಲಿಲ್ಲ. ಪ್ರಮಾಣಪತ್ರ ಬೇಕಾದರೆ 40 ಹೇಳಿಕೆಗಳುಳ್ಳ ಭಾರತೀಯ ಮಾಪನದಲ್ಲಿ ಮಗುವನ್ನು ಅಳೆಯಬಲ್ಲ ಮನಃಶಾಸ್ತ್ರಜ್ಞರೂ ವೈದ್ಯರೂ ಜಿಲ್ಲೆಯಲ್ಲಿರಬೇಕು. ಆಮೇಲೆ ವೈಕಲ್ಯದ ಪರ್ಸೆಂಟೇಜು, ಆಮೇಲೆ ಅಂಗವಿಕಲರ ಗುರುತಿನ ಯು.ಡಿ.ಐ.ಡಿ. ಕಾರ್ಡು. ಮಾತಿನ ಚಿಕಿತ್ಸೆಯಲ್ಲಿ ನುರಿತವರನ್ನು ಕಾಣಬೇಕಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೋ, ಪ್ರತಿಭಾ ಕಾರಂತರು 2000ದಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ 'ಕಾಮ್‌ಡೀಲ್'ನಂಥ ಕೇಂದ್ರಕ್ಕೋ ಹೋಗಬೇಕು. ಗೋಲಗುಮ್ಮಟ ಎಕ್ಸ್‌ಪ್ರೆಸ್ಸು ವಿಜಯಪುರದಿಂದ ಮೈಸೂರಿಗೆ ನೇರವಾಗಿ ಓಡುತ್ತದೆಂಬುದು ನಿಜ. ಆದರೆ ಹೊಸ ಸದ್ದಿಗೂ ಹೊಸ ಬೆಳಕಿಗೂ ಬೆಚ್ಚುವ ಮಗುವನ್ನು ಮಡಿಲಲ್ಲಿಟ್ಟುಕೊಂಡು, ಐದುನೂರು ಕಿಲೋಮೀಟರಿಗೂ ಮಿಗಿಲಾದ ಆ ಇರುಳ ಪಯಣವನ್ನು ತಿಂಗಳು ತಿಂಗಳಿಗೆ ಮಾಡಿ ಕೂಲಿಯನ್ನೂ ಕಳೆದುಕೊಳ್ಳಬಲ್ಲ ತಾಯಿ ಯಾವಳು? ದೂರದ ತಜ್ಞರನ್ನು ಹತ್ತಿರ ತರಬಲ್ಲುದು ಯಾವುದಾದರೂ ಇದ್ದರೆ, ನಮ್ಮ ಸಜ್ಜನರು ಆಡಂಬರವೆಂದು ಬದಿಗಿಡುವ ಆ ಪರದೆಯೇ. ಅಂಗವಿಕಲರಿಗೆ ಸಾಧನಗಳನ್ನು ಕೊಡುವ ಕೇಂದ್ರದ ಎಡಿಪ್ ಯೋಜನೆ 1981ರಿಂದ ನಡೆದುಬಂದಿದೆ. ಅದರ ಶಿಬಿರಗಳಲ್ಲಿ ತ್ರಿಚಕ್ರವಾಹನ, ಊರುಗೋಲು, ಶ್ರವಣಯಂತ್ರಗಳನ್ನು ಹಂಚಿ ಭಾವಚಿತ್ರ ತೆಗೆಸಿಕೊಳ್ಳುವುದುಂಟು. ಕಾಲಿನ ವೈಕಲ್ಯಕ್ಕೆ ಸಾಧನ ಬೇಕೆಂಬುದು ನಮಗೆ ಹೊಳೆದಿದೆ, ಕಿವಿಯದಕ್ಕೆ ಬೇಕೆಂಬುದೂ ಹೊಳೆದಿದೆ. ಮಾತಿನದಕ್ಕೂ ಬೇಕೆಂಬುದು ಇನ್ನೂ ಹೊಳೆಯಬೇಕಾಗಿದೆ.

ಈ ನಾಲ್ಕು ವಾದಗಳೂ ಕಾಣದೆ ಹೋದ ಒಂದು ಕೊರತೆಯುಂಟು. ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ಯಂತ್ರ ಬಂದಿತೆನ್ನಿ, ಆ್ಯಪೂ ಬಂದಿತೆನ್ನಿ. ಅದು ಯಾರ ಮಾತನ್ನು ಆಡಬೇಕು? ಈ ವಿದ್ಯೆಯನ್ನು ಕಲಿಸುವ ಕ್ರಮವೇನೆಂದರೆ, ಮನೆಯವರು ತಾವು ಮಾತನಾಡುತ್ತಲೇ ಆಯಾ ಚಿತ್ರವನ್ನು ಮುಟ್ಟಿ ಮುಟ್ಟಿ ತೋರಿಸಬೇಕು; ತಾಯಿಯ ಬಾಯಿಂದ ಬಂದ ಸದ್ದೂ ಯಂತ್ರದಿಂದ ಬಂದ ಸದ್ದೂ ಒಂದೇ ಎಂದು ಮಗುವಿಗೆ ಮನವರಿಕೆಯಾಗಬೇಕು. ಇಂಡಿಯ ತಾಯಿ 'ನೀರಡಿಕಿ ಆಗ್ಯಾದೇನು' ಎಂದು ಕೇಳಿದರೆ, ಯಂತ್ರವು 'ನನಗೆ ಬಾಯಾರಿಕೆಯಾಗಿದೆ' ಎಂದು ವಾರ್ತೆ ಓದುವವರ ಸ್ವರದಲ್ಲಿ ಉತ್ತರಿಸುತ್ತದೆ. ಬಲ್ಲವನಿಗೆ ಎರಡೂ ಒಂದೇ. ಸದ್ದು ಸದ್ದನ್ನೂ ಪ್ರತ್ಯೇಕವಾಗಿ ಹಿಡಿದಿಡುವ ಮಗುವಿಗೆ ಅವು ಎರಡು ಬೇರೆ ಲೋಕಗಳು. ಚಿತ್ರಗಳ ಪಾಡೂ ಹೀಗೆಯೇ: ಹೊರದೇಶದ ಚಿತ್ರಕೋಶಗಳಲ್ಲಿ ಬರ್ಗರುಂಟು, ಸ್ನಾನದ ತೊಟ್ಟಿಯುಂಟು, ಹಿಮದ ಮನುಷ್ಯನುಂಟು, ಜೋಳದ ರೊಟ್ಟಿಯಿಲ್ಲ, ಶೇಂಗಾ ಹಿಂಡಿಯಿಲ್ಲ, ಕಾರಹುಣ್ಣಿಮೆಯ ಎತ್ತಿಲ್ಲ. ಭೀಮೆಯ ಆಚೆಗೆ ಮರಾಠಿ, ತಾಂಡೆಗಳಲ್ಲಿ ಲಂಬಾಣಿ, ಮುಸಲ್ಮಾನರ ಮನೆಗಳಲ್ಲಿ ದಖನಿ. ಈ ನುಡಿಗಳ ಮಕ್ಕಳಿಗೆ ಯಂತ್ರವು ಇನ್ನೂ ದೂರ.

ಈ ಕೊರತೆಯನ್ನು ತುಂಬತಕ್ಕ ವಿವೇಕ ನಮ್ಮ ಸೀಮೆಗೆ ಹೊಸದಲ್ಲವೆಂಬುದೇ ನಾವು ನಾಚಬೇಕಾದ ಸಂಗತಿ. ಬಾಗೇವಾಡಿಯ ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿ ಧರ್ಮದ ಪರಮಸತ್ಯಗಳನ್ನು ಜನರ ಆಡುನುಡಿಯಲ್ಲಿ ನುಡಿದರು. ಇಪ್ಪತ್ತನೆಯ ಶತಮಾನದಲ್ಲಿ ಹಲಸಂಗಿಯೆಂಬ ಪುಟ್ಟ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು, ಬೀಸುವ ಕಲ್ಲಿನ ಮುಂದೆ ಕುಳಿತು ಹೆಂಗಸರು ಹಾಡಿಕೊಳ್ಳುತ್ತಿದ್ದ ತ್ರಿಪದಿಗಳನ್ನು ಮನೆಮನೆಯಿಂದ ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂಬ ಸಂಕಲನವನ್ನು ಪ್ರಕಟಿಸಿದರು. ಅದೂ ಬಡತನದ ಕಾಲವೇ, ಬರಗಾಲದ ಸೀಮೆಯೇ. ಊಟಕ್ಕಿಲ್ಲದವಳ ಹಾಡನ್ನು ಬರೆದುಕೊಂಡು ಏನಾಗಬೇಕೆಂದು ಅವರನ್ನು ಕೇಳಬಹುದಾಗಿತ್ತು. ಅವರು ಆ ಸರತಿಗೆ ಕಾಯಲಿಲ್ಲ. ಕಾದಿದ್ದರೆ ಹಾಡಿದವರೂ ಇರುತ್ತಿರಲಿಲ್ಲ, ಹಾಡೂ ಇರುತ್ತಿರಲಿಲ್ಲ.

ಇಂದು ಅದೇ ಕೆಲಸವನ್ನು ಯಂತ್ರಗಳು ಮಾಡುತ್ತಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಗೂಗಲ್ ಸಂಸ್ಥೆಯ ನೆರವಿನಿಂದ ಕೈಗೊಂಡಿರುವ 'ವಾಣಿ' ಎಂಬ ಯೋಜನೆಯಲ್ಲಿ, ಜನರಿಗೆ ಚಿತ್ರಗಳನ್ನು ತೋರಿಸಿ ಅವರವರ ಮಾತಿನಲ್ಲಿ ಅವನ್ನು ವರ್ಣಿಸಿರೆಂದು ಕೇಳಿ, ಜಿಲ್ಲೆ ಜಿಲ್ಲೆಯ ಆಡುನುಡಿಯನ್ನು ಧ್ವನಿಮುದ್ರಿಸಿ ಸಂಗ್ರಹಿಸುತ್ತಾರೆ. ಕೇಂದ್ರ ಸರ್ಕಾರದ 'ಭಾಷಿಣಿ'ಯು 2022ರಿಂದ ಭಾರತೀಯ ಭಾಷೆಗಳಿಗೆ ಯಂತ್ರಸ್ವರವನ್ನು ಕೊಡುವ ಕಾರ್ಯದಲ್ಲಿ ತೊಡಗಿದೆ. ರೈತನು ಬೆಳೆಯ ಧಾರಣೆ ಕೇಳಲು, ಗಿರಾಕಿಯು ಬ್ಯಾಂಕಿನ ಬಾಕಿ ತಿಳಿಯಲು ಜನರ ನುಡಿಯನ್ನು ಯಂತ್ರಕ್ಕೆ ಕಲಿಸುವುದು ಸಾಧ್ಯವಾದರೆ, ಚಿತ್ರವನ್ನು ಮುಟ್ಟಿದ ಮಗುವಿನ ಪರವಾಗಿ ಅದೇ ನುಡಿಯಲ್ಲಿ ಒಂದು ಮಾತು ಹೇಳಿಸುವುದು ಅಸಾಧ್ಯವೆಂದು ಯಾರು ನಂಬುತ್ತಾರೆ? ಮಾತುಳ್ಳವರ ಮಾತನ್ನು ಯಂತ್ರ ಅರಿಯಲೆಂದು ಕೋಟಿಗಟ್ಟಲೆ ವೆಚ್ಚವಾಗುತ್ತಿರುವಾಗ, ಮಾತಿಲ್ಲದವರ ಪಾಲಿಗೆ ಮಾತ್ರ ಸರತಿಯ ಶಾಸ್ತ್ರವನ್ನು ಓದಿ ಹೇಳುವುದು ಯಾವ ನ್ಯಾಯ?

ಬೇಕಾದುದು ಆಲಮಟ್ಟಿಯಷ್ಟು ದೊಡ್ಡದಲ್ಲ. ಈ ಸೀಮೆಯ ಮಕ್ಕಳು ದಿನವೂ ಬಳಸುವ ಕೆಲವು ನೂರು ಮಾತುಗಳ ಪಟ್ಟಿ. ಅವುಗಳಿಗೆ ಈ ಮಣ್ಣಿನ ಚಿತ್ರಗಳು. ಹಲಸಂಗಿ ಚಡಚಣಗಳ ಹೆಂಗಸರಿಂದಲೂ ಮಕ್ಕಳಿಂದಲೂ ಮುದ್ರಿಸಿಕೊಂಡ ಸ್ವರಗಳು. ಇಂಟರ್ನೆಟ್ಟಿಲ್ಲದೆಯೂ ನಡೆಯುವ ಆ್ಯಪು. ಅದನ್ನು ಬಿಟ್ಟು ಬೇರಾವುದಕ್ಕೂ ತೆರೆಯದಂತೆ ಬಿಗಿದು, ಮಗುವಿನದೇ ಆಗಿ ಕೊಟ್ಟ ಒಂದು ಅಗ್ಗದ ಟ್ಯಾಬು. ಅದನ್ನು ಬಳಸುವ ಬಗೆಯನ್ನು ಅಂಗನವಾಡಿಯ ಕಾರ್ಯಕರ್ತೆಗೂ ತಾಯಿಗೂ ಅಜ್ಜಿಗೂ ಕಲಿಸಿ, ದೂರದ ತಜ್ಞರು ವಾರಕ್ಕೊಮ್ಮೆ ಪರದೆಯ ಮೇಲೆ ಬಂದು ವಿಚಾರಿಸುವ ಏರ್ಪಾಡು. ಎಡಿಪ್ ಶಿಬಿರದ ಪಟ್ಟಿಯಲ್ಲಿ ಶ್ರವಣಯಂತ್ರದ ಕೆಳಗೆ ಇದಕ್ಕೊಂದು ಸಾಲು. ಇವುಗಳಲ್ಲಿ ಯಾವುದೂ ಊರಿನ ನೀರನ್ನು ಕಿತ್ತುಕೊಳ್ಳುವುದಿಲ್ಲ, ಶಾಲೆಯ ಮಾಸ್ತರರನ್ನು ಒಯ್ಯುವುದಿಲ್ಲ, ತಾಯಿಯ ಮಮತೆಯನ್ನು ಕುಂದಿಸುವುದಿಲ್ಲ. ಇಷ್ಟನ್ನೂ ಬೇಡವೆನ್ನುವವರು ಇನ್ನು ಮೇಲೆ ಬಡತನದ ಹೆಸರನ್ನು ಮುಂದೊಡ್ಡಬಾರದು. ಬಡವರು ಅವರಿಗೆ ಅಂತಹ ವಕಾಲತ್ತನ್ನು ಕೊಟ್ಟಿಲ್ಲ. ಈ ಮಕ್ಕಳು ಏನು ಹೇಳುವರೋ ಅದನ್ನು ಕೇಳಲು ತಮಗೆ ಮನಸ್ಸಿಲ್ಲವೆಂದು ಅವರು ನೇರವಾಗಿ ಒಪ್ಪಿಕೊಳ್ಳಲಿ. ಆಗ ವಾದವಾದರೂ ಪ್ರಾಮಾಣಿಕವಾದೀತು.